ರಾಜೀನಾಮೆಗೆ ಹಿಂದಿಯಲ್ಲಿ ಏನೆನ್ನುತ್ತಾರೆ

ಪ್ರತಿ ವರ್ಷ ಶಾಲೆ ಶುರುವಾದ ಹೊಸದರಲ್ಲಿ ನಾನು ಎಂಟನೇ ತರಗತಿಯ ಮಕ್ಕಳಿಗೆ ಒಂದು ಪಟ್ಟಿ ಬರೆಸುತ್ತಿದ್ದೆ. ಹಿಂದಿಯಲ್ಲೂ ಕನ್ನಡದಲ್ಲೂ ಒಂದೇ ಥರ ಕಾಣುವ, ಅರ್ಥ ಮಾತ್ರ ಬೇರೆಯಾಗಿರುವ ಪದಗಳ ಪಟ್ಟಿ. ಉಪನ್ಯಾಸ ನಮಗೆ ಭಾಷಣ, ಅವರಿಗೆ ಕಾದಂಬರಿ. ಅವಕಾಶ ನಮಗೆ ಅಪರೂಪಕ್ಕೆ ಒದಗಿ ಬರುವಂಥದ್ದು, ಅವರಿಗೆ ಬರೀ ರಜೆ. ಸಂಸಾರ ನಮಗೆ ಹೆಂಡತಿ ಮಕ್ಕಳು, ಅವರಿಗೆ ಇಡೀ ಲೋಕ. ಶಿಕ್ಷಾ ಅಂದರೆ ಅವರಲ್ಲಿ ವಿದ್ಯೆ, ನಮ್ಮಲ್ಲಿ ಬೆತ್ತದ ಏಟು. 'ಎರಡೂ ಒಂದೇ ಅಲ್ವಾ ಮಿಸ್' ಎಂದು ಯಾರಾದರೂ ಒಬ್ಬರು ಹೇಳೇ ಹೇಳುತ್ತಿದ್ದರು, ಉಳಿದವರು ನಗುತ್ತಿದ್ದರು. ಟಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ದಾರಿಯ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ನಗುವುದಕ್ಕೆ ಬೇರೆ ಕಾರಣಗಳು ಕಡಿಮೆ ಇದ್ದವು. ನಾನೂ ಗದರುತ್ತಿರಲಿಲ್ಲ.

ಭಾಷೆಗಳೆಲ್ಲ ಅಕ್ಕತಂಗಿಯರು ಎಂದು ಹಿಂದಿ ದಿವಸದಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಕ್ಕತಂಗಿಯರ ಜಗಳ ನೋಡಿದವರು ಆ ಮಾತು ಆಡುವುದಿಲ್ಲ. ನಾನು ಬರೆಸುತ್ತಿದ್ದ ಪಟ್ಟಿಯಲ್ಲಿ ಒಂದು ಪದ ಇರಲಿಲ್ಲ. ಪಠ್ಯಪುಸ್ತಕ ಮಾಡಿದವರು ಹಾಕಿರಲಿಲ್ಲ, ಗೊತ್ತಾದ ಮೇಲೆ ನಾನೂ ಸೇರಿಸಲಿಲ್ಲ. ಆ ಪದ ನಮ್ಮಪ್ಪನ ಕೆಲಸ ತಿಂದಿತು. ಪದ ತಿಂದಿತು ಎಂದರೆ ನಾನು ತಪ್ಪಿಸಿಕೊಂಡ ಹಾಗೆ. ತಿನ್ನಿಸಿದವಳು ನಾನು.

ನಮ್ಮಪ್ಪ ಮೊದಲು ಬದನವಾಳಿನ ಖಾದಿ ಕೇಂದ್ರದಲ್ಲಿ ಮಗ್ಗಕ್ಕೆ ಕೂರುತ್ತಿದ್ದರು. ಅಲ್ಲಿ ಕೆಲಸ ಕಡಿಮೆಯಾದಾಗ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಚೀಲ ನೇಯುವ ಒಂದು ಕಾರ್ಖಾನೆ ಸೇರಿದರು. ಅದೂ ಮಗ್ಗವೇ, ಆದರೆ ಗುಂಡಗೆ ಇರುವ, ಕರೆಂಟಿನಲ್ಲಿ ಸುತ್ತುವ ಮಗ್ಗ. 'ಮಗ್ಗ ನಂಗೇನ್ ಒಸದಾ' ಎಂದುಕೊಂಡು ಹೋದವರು ಎರಡೇ ವಾರದಲ್ಲಿ ಪಳಗಿದರು. ನಾವಿದ್ದದ್ದು ನಂಜನಗೂಡಿನಲ್ಲಿ, ರೈಲ್ವೆ ಗೇಟಿನ ಹತ್ತಿರ ಒಂದು ವಠಾರದ ಮನೆ. ಅಪ್ಪ ಸೈಕಲ್ಲಿನಲ್ಲಿ ತಾಂಡ್ಯಕ್ಕೆ ಹೋಗಿ ಬರುತ್ತಿದ್ದರು. ಸಂಜೆ ಮನೆಗೆ ಬಂದರೆ ಮೈಮೇಲೆ ಬಿಳೀ ಪ್ಲಾಸ್ಟಿಕ್ ಎಳೆಗಳು ಅಂಟಿಕೊಂಡಿರುತ್ತಿದ್ದವು, ಅವ್ವ ಒಂದೊಂದೇ ಕಿತ್ತು ಬಿಸಾಕುತ್ತಿದ್ದಳು. ಅದು ತೊಂಬತ್ತರ ದಶಕದ ನಡುವಿನ ಕಾಲ. ತಾಂಡ್ಯದಲ್ಲಿ ಕೆಲಸ ಅಂದರೆ ನಮ್ಮ ವಠಾರದಲ್ಲಿ ಒಂದು ಗತ್ತಿತ್ತು.

ನಾನು ಆಗ ಹಿಂದಿ ಕಲಿಯುತ್ತಿದ್ದೆ. ಹಿಂದಿ ಮೇಲೆ ಪ್ರೀತಿ ಇತ್ತು ಅಂತಲ್ಲ. ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿಕೊಂಡರೆ ಮೇಷ್ಟ್ರ ಕೆಲಸ ಬೇಗ ಸಿಗುತ್ತದೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಸಂಜೆ ಹೊತ್ತು ಒಬ್ಬರು ಹಿಂದಿ ಪಂಡಿತರ ಮನೆಯ ಹಜಾರದಲ್ಲಿ ಹತ್ತು ಹನ್ನೆರಡು ಹುಡುಗಿಯರು ಕೂತು ಪತ್ರಲೇಖನ, ಗಾದೆ, ಲಿಂಗ ಬದಲಾವಣೆ ಬಾಯಿಪಾಠ ಮಾಡುತ್ತಿದ್ದೆವು. ಮೇಜು ಹೆಂಗಸು, ಕಿಟಕಿ ಹೆಂಗಸು, ಬಾಗಿಲು ಗಂಡಸು. ಯಾಕೆ ಎಂದು ಕೇಳಿದರೆ ಪಂಡಿತರು 'ಹಾಗೇ' ಎನ್ನುತ್ತಿದ್ದರು. ಒಂದೊಂದು ಪರೀಕ್ಷೆ ಪಾಸಾದಾಗಲೂ ಅಪ್ಪ ಇಡೀ ವಠಾರಕ್ಕೆ ಹೇಳಿಕೊಂಡು ಬರುತ್ತಿದ್ದರು. ಅವರ ನಾಲಗೆಯಲ್ಲಿ ಹಕಾರ ಇರಲಿಲ್ಲ. 'ನನ್ ಮಗ್ಳು ಇಂದಿ ಓದ್ತಾವ್ಳೆ' ಎನ್ನುತ್ತಿದ್ದರು.

ನಾನು ಶಿಕ್ಷಕಿಯ ತರಬೇತಿಗೆ ಸೇರಿದ ದಿನ ಅಪ್ಪ ಹರಕೆ ಹೊತ್ತರು. ಮಗಳಿಗೆ ಸರ್ಕಾರಿ ಕೆಲಸ ಸಿಕ್ಕುವ ತನಕ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ, ಸಿಕ್ಕಿದ ದಿನ ಕಪಿಲೆ ದಂಡೆಯಲ್ಲಿ ನಂಜುಂಡಪ್ಪನಿಗೆ ಮುಡಿ ಕೊಡುತ್ತೇನೆ ಎಂದು. ಒಂದೂವರೆ ವರ್ಷದಲ್ಲಿ ಕೂದಲು ಭುಜಕ್ಕೆ ಬಂತು. ಅವ್ವ ಎಣ್ಣೆ ಹಚ್ಚಿ ಗಂಟು ಹಾಕುತ್ತಿದ್ದಳು, ಅದರ ಮೇಲೆ ಅಪ್ಪ ಒಂದು ಟವೆಲ್ ಸುತ್ತಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಹರಕೆ ನನ್ನ ಹೆಸರಿನಲ್ಲಿದೆ ಎಂದು ಗೊತ್ತಿದ್ದರೂ ಅಪ್ಪನ ಜೊತೆ ಪೇಟೆಗೆ ಹೋಗಲು ಮುಜುಗರಪಡುತ್ತಿದ್ದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ದಿನ ಅಪ್ಪ ಪಾಳಿ ಮುಗಿಯುವ ಮೊದಲೇ ಮನೆಗೆ ಬಂದರು. ಮುಖ ಇಷ್ಟಗಲ ಊದಿತ್ತು, ಸಿಟ್ಟಿಗೆ. ಅವ್ವ ನೀರು ಕೊಟ್ಟಳು, ಕುಡಿಯಲಿಲ್ಲ.

'ಆ ಸೂಪರ್‌ವೈಜರ್ರು ನನ್ನ ನಾಯಿ ಅಂದ ಕಣೇ. ಎಲ್ರ ಮುಂದೆ, ಕನ್ನಡ್ದಲ್ಲೇ. ಬಾಲ ಕಟ್ ಮಾಡ್ತೀನಿ ಅಂದ.'

'ನೀನೇನ್ ಮಾಡ್ದೆ?' ಎಂದಳು ಅವ್ವ.

'ತಳ್ದೆ. ಬಿದ್ದ. ಕನ್ನಡಕ ಒಡ್ದೋಯ್ತು.'

ಸೂಪರ್‌ವೈಜರ್ ಉತ್ತರದ ಕಡೆಯವನು, ಬಂದು ಎರಡು ತಿಂಗಳಾಗಿತ್ತಷ್ಟೆ. ಕಾರ್ಖಾನೆಯ ಮ್ಯಾನೇಜರೂ ಅದೇ ಕಡೆಯವರು. ಹೊಸಬ ಹುಡುಗ, ಅಪ್ಪನ ವಯಸ್ಸಿಗೆ ಮಗನ ಥರ ಇದ್ದವನು, ನಮ್ಮಪ್ಪನನ್ನು ನಾಯಿ ಅಂದನಲ್ಲ ಎಂದು ನನಗೂ ರಕ್ತ ಕುದಿಯಿತು. ಅಪ್ಪ ಮಾಡಿದ್ದು ಸರಿ ಎಂದೆ. ಅವ್ವ ಮಾತ್ರ ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದಳು, 'ನಾಳಿಕ್ ಕೆಲ್ಸಕ್ ಕರೀತಾರಾ?' ಎಂದು ಕೇಳಿದಳು. ನಮ್ಮ ಮನೆಯಲ್ಲಿ ಯಾವತ್ತೂ ಸರಿಯಾದ ಪ್ರಶ್ನೆ ಕೇಳುತ್ತಿದ್ದವಳು ಅವಳೇ.

ಮಾರನೇ ದಿನ ಮ್ಯಾನೇಜರು ಅಪ್ಪನನ್ನೂ ಸೂಪರ್‌ವೈಜರನನ್ನೂ ಕೋಣೆಗೆ ಕರೆಸಿ ಮಾತಾಡಿದರು. ಆಫೀಸಿನಲ್ಲಿ ಎರಡೂ ಭಾಷೆ ಬಲ್ಲ ಗುಮಾಸ್ತರೊಬ್ಬರಿದ್ದರು, ಅವರು ಅವತ್ತು ರಜದಲ್ಲಿದ್ದರು. ಸಂಜೆ ಅಪ್ಪ ಸೈಕಲ್ಲು ನಿಲ್ಲಿಸಿ ಸೀದಾ ನನ್ನ ಹತ್ತಿರ ಬಂದು ಕೂತರು.

'ರಾಜೀನಾಮೆ ಬರ್ಕೊಂಡ್ ಬಾ ಅಂದ್ರು ಕಣವ್ವ. ನೀನೇ ಬರ್ಕೊಡು.'

'ಹೇಗಂದ್ರು ಅಪ್ಪ? ಸರಿಯಾಗಿ ಹೇಳು' ಎಂದೆ.

'ಕಲ್ ರಾಜೀನಾಮಾ ಲಿಖ್ ಕೆ ಲಾವೋ, ಬಾತ್ ಖತಂ ಅಂದ್ರು. ಎರಡ್ ಸಲ ಅಂದ್ರು. ಖತಂ ಅಂತ ಇಂಗೆ ಕೈ ಮಾಡುದ್ರು.' ಅಪ್ಪ ಎರಡು ಅಂಗೈಗಳನ್ನು ಒಂದಕ್ಕೊಂದು ಒರೆಸಿ ತೋರಿಸಿದರು.

ಈ ಮಾತನ್ನು ಕನ್ನಡದವರು ಬೇರೆ ಇನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಹೇಳಿ. ಅಪ್ಪನ ಜೊತೆ ಮಗ್ಗ ನೋಡುತ್ತಿದ್ದ ಇಬ್ಬರಿಗೂ ಹಾಗೇ ಅರ್ಥವಾಗಿತ್ತು. 'ಕೈ ಮಾಡ್ದೋನ್ನ ಇಟ್ಕತಾರಾ' ಎಂದು ಅವರೂ ಅಂದಿದ್ದರಂತೆ. ಅವರ್‍ಯಾರಿಗೂ ಹಿಂದಿ ಪರೀಕ್ಷೆ ಪಾಸಾಗಿರಲಿಲ್ಲ. ಪಾಸಾಗಿದ್ದವಳು ನಾನು. ರಾಜೀನಾಮೆಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ: ತ್ಯಾಗಪತ್ರ. ಉರ್ದು ಬೆರೆತ ಹಿಂದಿಯಾದರೆ ಇಸ್ತೀಫಾ. ಎರಡು ಅಂಕದ ಪ್ರಶ್ನೆ ಅದು. ಹಾಗಿದ್ದ ಮೇಲೆ ಹಿಂದಿಯವನ ಬಾಯಲ್ಲಿ ರಾಜೀನಾಮಾ ಎಂಬ ಪದ ಯಾಕೆ ಬಂತು ಎಂದು ಒಂದು ಗಳಿಗೆ ನಿಂತು ಯೋಚಿಸಬೇಕಾಗಿತ್ತು. ಪಾಪ, ಬಂದ ಊರಿನ ಒಂದು ಪದ ಕಲಿತಿದ್ದಾರೆ ಎಂದುಕೊಂಡೆ. ಕಲಿತ ಒಂದು ಪದವೂ ಇಂಥದ್ದೇ ಆಗಬೇಕೆ ಎಂದು ಬೈದುಕೊಂಡೆ.

ಬರೆಯಲು ಕೂತೆ. ಕನ್ನಡದಲ್ಲಿ ಬರೆಯಬಹುದಾಗಿತ್ತು. ಕನ್ನಡದಲ್ಲಿ ಬರೆದಿದ್ದರೆ ಮೇಲೆ ದಪ್ಪಕ್ಷರದಲ್ಲಿ ರಾಜೀನಾಮೆ ಎಂದಿರುತ್ತಿತ್ತು, ಯಾರಾದರೂ ಅದನ್ನು ಮ್ಯಾನೇಜರಿಗೆ ಓದಿ ಹೇಳಬೇಕಾಗುತ್ತಿತ್ತು, ಓದುವಾಗ ಗುಟ್ಟು ಬಯಲಾಗುತ್ತಿತ್ತೋ ಏನೋ. ಆದರೆ ಅವರ ಭಾಷೆಯಲ್ಲೇ ಅವರ ಮುಖಕ್ಕೆ ಹಿಡಿಯಬೇಕು, ನಾಯಿ ಅಂದವರಿಗೆ ನಮ್ಮ ಮನೆಯಲ್ಲೂ ಹಿಂದಿ ಬಲ್ಲವರಿದ್ದಾರೆ ಎಂದು ಗೊತ್ತಾಗಬೇಕು ಎಂದು ನನಗೆ ಹಠ ಬಂತು. ಪತ್ರಲೇಖನದ ಗೈಡು ತೆಗೆದೆ. ಅದರಲ್ಲಿ ಒಬ್ಬ ಅಧ್ಯಾಪಕ ಮುಖ್ಯೋಪಾಧ್ಯಾಯರಿಗೆ ಬರೆದ ಮಾದರಿ ತ್ಯಾಗಪತ್ರ ಇತ್ತು. ಸವಿನಯ ನಿವೇದನ ಹೈ ಕಿ ಎಂದು ಶುರು. ಘರೇಲೂ ಕಾರಣೋಂ ಸೇ, ಅಂದರೆ ಮನೆಯ ಕಾರಣಗಳಿಂದ, ಸ್ವೇಚ್ಛಾ ಸೇ ಕೆಲಸ ಬಿಡುತ್ತಿದ್ದೇನೆ ಎಂದು ಮುಗಿತಾಯ. ಸ್ವೇಚ್ಛೆ ಕೂಡ ನಮ್ಮ ಪಟ್ಟಿಗೆ ಸೇರಬೇಕಾದ ಪದವೇ. ನಮ್ಮಲ್ಲಿ ಅದು ಅಂಕೆಯಿಲ್ಲದೆ ಮೆರೆಯುವುದು, ಅವರಲ್ಲಿ ಸ್ವಂತ ಇಷ್ಟದಿಂದ ಮಾಡುವುದು. ಮೇಲೆ ದಪ್ಪಕ್ಷರದಲ್ಲಿ ತ್ಯಾಗಪತ್ರ, ಅಧ್ಯಾಪಕನ ಜಾಗದಲ್ಲಿ ಅಪ್ಪನ ಹೆಸರು, ಶಾಲೆಯ ಜಾಗದಲ್ಲಿ ಕಾರ್ಖಾನೆ. ಜಗಳದ ಮಾತು ಒಂದಕ್ಷರವೂ ಇಲ್ಲ, ಮಾದರಿಯಲ್ಲಿ ಇರಲಿಲ್ಲವಲ್ಲ. ಹಿಂದಿ ಅಕ್ಷರಗಳ ಮೇಲುಗೆರೆಗಳನ್ನು ಸ್ಕೇಲು ಇಟ್ಟ ಹಾಗೆ ಎಳೆದೆ. ಅಪ್ಪ ಅಡಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿ, ಕಾಗದವನ್ನು ದೂರ ಹಿಡಿದು ನೋಡಿ, 'ಏನ್ ಚೆಂದಾಗ್ ಬರ್ದಿದ್ದೀಯವ್ವ' ಎಂದರು.

ಮರುದಿನ ನಡೆದದ್ದನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಆ ಕೋಣೆಯಲ್ಲಿ ಇದ್ದೆನೇನೋ ಅನ್ನಿಸುತ್ತದೆ. ಮೇಜಿನ ಮೇಲೆ ಆಗಲೇ ಒಂದು ಕಾಗದ ಇತ್ತಂತೆ, ಸೂಪರ್‌ವೈಜರ್ ಬರೆದು ಸಹಿ ಹಾಕಿದ್ದು. ತನ್ನ ಮೇಲಿನ ದೂರು ಎಂದುಕೊಂಡರು ಅಪ್ಪ. ಸೂಪರ್‌ವೈಜರ್ ಪಕ್ಕದಲ್ಲಿ ನಿಂತು ನಗುತ್ತಿದ್ದನಂತೆ. 'ಕೆಲ್ಸ ಕಳ್ದು ನಗ್ತಾವ್ನೆ ನೋಡು' ಎಂದುಕೊಂಡು ಅಪ್ಪ ಅವನ ಕಡೆ ತಿರುಗಲಿಲ್ಲ. ಮ್ಯಾನೇಜರು ನನ್ನ ಪತ್ರವನ್ನು ಎರಡು ಸಲ ಓದಿದರು, ಅಪ್ಪನ ಮುಖ ನೋಡಿದರು, 'ಸೋಚ್ ಲಿಯಾ?' ಎಂದರು. ಯೋಚಿಸಿದ್ದೀಯಾ ಎಂದು ಕೇಳಿದ್ದು ಅದು. ಅಪ್ಪನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದರು. ಆಮೇಲೆ 'ಕಿಸ್ನೇ ಲಿಖಾ?' ಎಂದರು. ಯಾರು ಬರೆದದ್ದು ಎಂದು, ಅದು ಅರ್ಥವಾಯಿತು. 'ಮೇರಾ ಬೇಟಿ' ಎಂದರು ಅಪ್ಪ. ಮ್ಯಾನೇಜರು 'ಬಹುತ್ ಅಚ್ಛೀ ಹಿಂದಿ' ಎಂದು ಹೇಳಿ ಪತ್ರದ ಮೂಲೆಯಲ್ಲಿ ಸಹಿ ಹಾಕಿದರು.

ಕೆಲಸ ಹೋದದ್ದು ಹೀಗೆ. ಆದರೆ ಅಪ್ಪ ಈ ಕತೆಯನ್ನು ಹೇಳುತ್ತಿದ್ದದ್ದು ಕೊನೆಯ ಮಾತಿಗೋಸ್ಕರ. 'ಕೆಲ್ಸ ಓದ್ರೆ ಓಗ್ಲಿ, ಮ್ಯಾನೇಜರ್ರು ನನ್ ಮಗ್ಳ್ ಇಂದೀನ ಒಪ್ಕಂಡ್ರು' ಎನ್ನುತ್ತಿದ್ದರು. ಬಂದ ನೆಂಟರಿಗೆಲ್ಲ ಹೇಳಿದರು. ನಾನು ಒಳಗಿನಿಂದ ಕೇಳಿಸಿಕೊಂಡು, ನಿಜ ಹೇಳಬೇಕೆಂದರೆ, ಹಿಗ್ಗುತ್ತಿದ್ದೆ. ನನ್ನ ಹಿಂದಿಯನ್ನು ಹಿಂದಿಯವರೊಬ್ಬರು ಹೊಗಳಿದ್ದು ಅದೊಂದೇ ಸಲ.

ಆಮೇಲೆ ಅಪ್ಪನಿಗೆ ತಾಂಡ್ಯದಲ್ಲಿ ಇನ್ನೆಲ್ಲೂ ಕೆಲಸ ಸಿಗಲಿಲ್ಲ. ಮೇಲಿನವರ ಮೇಲೆ ಕೈ ಮಾಡಿದವನು ಎಂಬ ಮಾತು ಅವರಿಗಿಂತ ಮೊದಲೇ ಗೇಟು ತಲುಪಿರುತ್ತಿತ್ತು. ಕೊನೆಗೆ ಒಂದು ರೈಸ್ ಮಿಲ್ಲಿನಲ್ಲಿ ಮೂಟೆಯ ಬಾಯಿ ಹೊಲಿಯುವ ಕೆಲಸಕ್ಕೆ ನಿಂತರು. ಅಲ್ಲಿಗೆ ಬರುತ್ತಿದ್ದ ಚೀಲಗಳು ಅದೇ ಕಾರ್ಖಾನೆಯವು. ಅಪ್ಪ ಒಂದೊಂದು ಚೀಲವನ್ನೂ ಬೆಳಕಿಗೆ ಹಿಡಿದು, ನೇಯ್ಗೆ ಎಲ್ಲಿ ಸಡಿಲವಾಗಿದೆ ಎಂದು ನೋಡಿ, 'ನನ್ ಮಗ್ಗ ಯಾವನೋ ಆಳ್ ಮಾಡ್ತಾವ್ನೆ' ಎಂದು ಗೊಣಗಿ ಆಮೇಲೆ ಹೊಲಿಯುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಧೂಳಿಗೆ ಕೆಮ್ಮು ಹಿಡಿಯಿತು. ಕೂದಲು ಬೆಳೆಯುತ್ತಲೇ ಇತ್ತು.

ನನಗೆ ಕೆಲಸ ಸಿಕ್ಕಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಆದೇಶ ಕೈಗೆ ಬಂದ ವಾರವೇ ಮುಡಿ ಕೊಡಲು ಕಪಿಲೆಯ ಸ್ನಾನಘಟ್ಟಕ್ಕೆ ಹೋದೆವು. ಅಷ್ಟೊತ್ತಿಗೆ ಅಪ್ಪನ ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಮೆಟ್ಟಿಲ ಮೇಲೆ ಕ್ಷೌರಿಕನ ಮುಂದೆ ತಲೆ ನೆನೆಸಿಕೊಂಡು ಕೂತರು. ಅರ್ಧ ತಲೆ ಆಗಿತ್ತು, ಪಕ್ಕದ ಮೆಟ್ಟಿಲಿಗೆ ಉತ್ತರದ ಕಡೆಯ ಒಂದು ಕುಟುಂಬ ಬಂತು, ಕಂಕುಳಲ್ಲಿ ಒಂದು ಮಗು. ಅವರ ಅಜ್ಜಿ ಮೇಲೆ ನಿಂತಿದ್ದ ಮಗನಿಗೆ ಕೂಗಿ ಹೇಳಿದಳು: 'ನಾಯೀ ಕೋ ಬುಲಾವೋ, ಬಚ್ಚೇ ಕೇ ಬಾಲ್ ಕಟ್ವಾನೇ ಹೈಂ.'

ಅಪ್ಪ ತಲೆ ಎತ್ತಿದ ರಭಸಕ್ಕೆ ಕತ್ತಿ ತಾಗಿ ಕಿವಿಯ ಹಿಂದೆ ರಕ್ತ ಬಂತು.

'ಕೇಳುದ್ಯಾ? ಅದೇ ಮಾತು ಕಣವ್ವ. ನಾಯಿ, ಬಾಲ್ ಕಟ್. ಅದೇ.'

ನನಗೆ ಕೂಡಲೇ ತಿಳಿಯಿತು. ಅಷ್ಟರಲ್ಲಿ ಆ ಮಗ ಬಂದು ನಮ್ಮ ಕ್ಷೌರಿಕನ ಭುಜ ಮುಟ್ಟಿ ಮಗುವನ್ನು ತೋರಿಸಿದ. ಅಪ್ಪ ಅವನನ್ನು ನೋಡಿದರು, ಕ್ಷೌರಿಕನನ್ನು ನೋಡಿದರು, ನನ್ನನ್ನು ನೋಡಿದರು.

'ನಾಯೀ ಅಂದ್ರೆ ಕ್ಷೌರ ಮಾಡೋರು ಅಪ್ಪ. ಬಾಲ್ ಅಂದ್ರೆ ಕೂದಲು' ಎಂದೆ.

ಅಪ್ಪ ಬೋಳಾದ ಅರ್ಧ ತಲೆಯ ಮೇಲೆ ಕೈಯಾಡಿಸಿಕೊಂಡರು. ಕಾರ್ಖಾನೆಯ ಆ ಹುಡುಗ ಹೇಳಿದ್ದಿಷ್ಟೆ: ಸುತ್ತುವ ಮಗ್ಗಕ್ಕೆ ಕೂದಲು ಸಿಕ್ಕಿಕೊಂಡೀತು, ಕ್ಷೌರಿಕನ ಹತ್ತಿರ ಹೋಗಿ ಕತ್ತರಿಸಿಕೊಂಡು ಬಾ. ನಮ್ಮಪ್ಪನ ತಲೆ ಉಳಿಸಲು ಹೇಳಿದ ಮಾತು.

'ಅಂಗಾರೆ ಅವ್ನು ನನ್ನ ಬಯ್ಲಿಲ್ವಾ?'

'ಇಲ್ಲ.'

'ನೀನ್ಯಾಕ್ ಆಗ್ಲೇ ಯೋಳ್ಲಿಲ್ಲ?'

'ನೀನು ಕನ್ನಡದಲ್ಲಿ ಬೈದ ಅಂದೆ.'

'ನಂಗದು ಕನ್ನಡ ಅಂತ್ಲೇ ಕೇಳಿಸ್ತು ಕಣವ್ವ' ಎಂದರು ಅಪ್ಪ, ಮತ್ತೆ ತಲೆ ಬಗ್ಗಿಸಿದರು. ಕ್ಷೌರಿಕ ಉಳಿದ ಅರ್ಧ ಮುಗಿಸಿದ. ನನ್ನ ಕೆಲಸದ ಸಂತೋಷಕ್ಕೆಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುವ ಮಾತಾಗಿತ್ತು. ಯಾರೂ ನೆನಪಿಸಲಿಲ್ಲ.

ಒಂದು ವಾರ ಕಳೆದು ಅಪ್ಪ ಬೋಳುತಲೆಗೆ ಟವೆಲ್ ಸುತ್ತಿಕೊಂಡು ತಾಂಡ್ಯಕ್ಕೆ ಹೋದರು, ಆ ಹುಡುಗನ ಹತ್ತಿರ ತಪ್ಪಾಯಿತು ಎಂದು ಹೇಳಲು. ಅವನು ಗುಜರಾತಿನ ಯಾವುದೋ ಕಾರ್ಖಾನೆಗೆ ಹೋಗಿ ಎರಡು ವರ್ಷವಾಗಿತ್ತು. ಮ್ಯಾನೇಜರೂ ಬದಲಾಗಿದ್ದರು. ಗೇಟಿನಿಂದಲೇ ವಾಪಸು ಬಂದರು. ಆದರೆ ಅಲ್ಲಿಂದೀಚೆಗೆ ಅಪ್ಪನ ಮುಖ ಹಗುರಾಯಿತು, ಅದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷ ಯಾರೋ ತನ್ನನ್ನು ನಾಯಿ ಅಂದರು, ಮೇಲೆ ಕೆಲಸವನ್ನೂ ಕಿತ್ತುಕೊಂಡರು ಎಂದು ಒಳಗೇ ಬೇಯುತ್ತಿದ್ದವರು, 'ತಪ್ಪು ನಂದೇ. ಸುಮ್ ಸುಮ್ನೆ ಕೈ ಮಾಡ್ದೆ, ಅವ್ರು ತೆಗುದ್ರು. ಅದ್ರಲ್ ಅನ್ಯಾಯ ಏನೈತೆ' ಎನ್ನತೊಡಗಿದರು. ತಾನು ತಪ್ಪು, ಅವರು ನ್ಯಾಯ. ಲೆಕ್ಕ ಸರಿಹೋಯಿತು ಎಂಬ ಸಮಾಧಾನ ಅವರಿಗೆ.

ನಾನು ಟಿ. ನರಸೀಪುರದಲ್ಲಿ ಒಂದು ಕೋಣೆ ಹಿಡಿದೆ, ಶನಿವಾರ ಮಧ್ಯಾಹ್ನ ನಂಜನಗೂಡಿಗೆ ಬಸ್ಸು ಹತ್ತುತ್ತಿದ್ದೆ. ಪಾಠ ಮಾಡಲು ಶುರುಮಾಡಿ ಮೂರನೆಯದೋ ನಾಲ್ಕನೆಯದೋ ವರ್ಷ, ಹತ್ತನೇ ತರಗತಿಗೆ ಒಂದು ಗದ್ಯಭಾಗ ಓದಿಸುತ್ತಿದ್ದೆ. ಇಬ್ಬರು ರೈತರು ಗದ್ದೆಯ ಬದುವಿಗಾಗಿ ಹೊಡೆದಾಡುತ್ತಾರೆ, ಊರಿನ ಹಿರಿಯರು ಕೂತು ಮಾತಾಡುತ್ತಾರೆ, ಕೊನೆಗೆ 'ದೋನೋಂ ಮೇಂ ರಾಜೀನಾಮಾ ಹೋ ಗಯಾ.' ನಾನು ಓದಿದ ವೇಗದಲ್ಲೇ ಅರ್ಥ ಹೇಳಿದೆ: 'ಇಬ್ಬರೂ ರಾಜೀನಾಮೆ ಕೊಟ್ಟರು.'

ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. 'ಮಿಸ್, ರೈತ್ರು ಯಾವ್ ಕೆಲ್ಸಕ್ಕೆ ರಾಜೀನಾಮೆ ಕೊಟ್ರು?'

ತರಗತಿ ನಕ್ಕಿತು. ಮೊದಲಿಗೆ ನನಗೂ ನಗು ಬಂತು. ಆಮೇಲೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ. ಸ್ಟಾಫ್ ರೂಮಿನಲ್ಲಿ ದಪ್ಪ ಹಿಂದಿ ನಿಘಂಟು ಇತ್ತು, ಸರ್ಕಾರ ಕೊಟ್ಟದ್ದು, ಯಾರೂ ಬಿಚ್ಚದೆ ಹಾಳೆಗಳು ಅಂಟಿಕೊಂಡಿದ್ದವು. ರಾಜೀನಾಮಾ: ವಾದಿ ಪ್ರತಿವಾದಿಗಳು ಒಪ್ಪಿ ಜಗಳ ಮುಗಿಸಿದ್ದಕ್ಕೆ ಬರೆಯುವ ಪತ್ರ. ಮುಂದೆ ಇನ್ನೊಂದು ಅರ್ಥ ಇದೆಯೇನೋ ಎಂದು ಬೆರಳಿಟ್ಟು ಹುಡುಕಿದೆ. ಇರಲಿಲ್ಲ.

ನಾಳೆ ರಾಜಿ ಪತ್ರ ಬರೆದುಕೊಂಡು ಬಾ, ವಿಷಯ ಮುಗಿಯಿತು. ಮ್ಯಾನೇಜರು ಹೇಳಿದ್ದು ಇಷ್ಟೇ. ಮೇಜಿನ ಮೇಲಿದ್ದ ಕಾಗದ ದೂರಲ್ಲ, ಆ ಹುಡುಗ ಬರೆದುಕೊಟ್ಟ ರಾಜಿ. ಅವನು ನಕ್ಕದ್ದು ಕೈ ಕುಲುಕುವುದಕ್ಕೆ. ಅಪ್ಪನನ್ನು ಯಾರೂ ತೆಗೆದಿರಲಿಲ್ಲ. ರಾಜಿಯಾಗು ಎಂದವರಿಗೆ ನಾನು, ಘರೇಲೂ ಕಾರಣೋಂ ಸೇ, ಸ್ವೇಚ್ಛಾ ಸೇ, ಒಂದೂ ತಪ್ಪಿಲ್ಲದ ವ್ಯಾಕರಣದಲ್ಲಿ, ನಮ್ಮಪ್ಪ ಕೆಲಸ ಬಿಡುತ್ತಾರೆ ಎಂದು ಬರೆದುಕೊಟ್ಟಿದ್ದೆ. ಸೋಚ್ ಲಿಯಾ ಎಂದು ಅವರು ಕೇಳಿದ್ದರು ಬೇರೆ. ಅವತ್ತು ನನ್ನ ಮೇಲೆ ನನಗೆ ಬಂದ ಅಸಹ್ಯ ಇವತ್ತಿಗೂ ಪೂರ್ತಿ ಹೋಗಿಲ್ಲ. ನನ್ನ ಮೇಲೆ ಮಾತ್ರವಲ್ಲ, 'ಹಾಗೇ' ಎನ್ನುತ್ತಿದ್ದ ಪಂಡಿತರ ಮೇಲೆ, ಆ ಗೈಡಿನ ಮೇಲೆ, ಎರಡು ಸಲ ಓದಿದರೂ ಇನ್ನೊಬ್ಬರನ್ನು ಕರೆದು ಕೇಳದ ಆ ಮ್ಯಾನೇಜರಿನ ಮೇಲೆ.

ಒಂದೇ ಪದ ಹೀಗೆ ಎರಡು ದಿಕ್ಕಿಗೆ ಹೇಗೆ ಹೋಯಿತು ಎಂದು ತಲೆ ಕೆಟ್ಟಿತು. ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ, ಕ್ರಯಪತ್ರ ಬರೆದುಕೊಡುವ ಒಬ್ಬ ಮುದುಕರಿದ್ದರು. ಹಳೇ ಕಾಗದಪತ್ರಗಳ ಪದಗಳೆಲ್ಲ ಅವರಿಗೆ ಗೊತ್ತು ಎಂದು ಕೇಳಿದ್ದೆ. ಹೋಗಿ ಕೇಳಿದೆ.

'ರಾಜಿ ಅಂದ್ರೆ ಒಪ್ಪಿಗೆ. ನಾಮೆ ಅಂದ್ರೆ ಕಾಗ್ದ ಕಣಮ್ಮ. ಫಾರ್ಸಿ ಮಾತು ಅದು' ಎಂದರು. 'ಅಳೇ ಕಾಲ್ದಲ್ಲಿ ಕಂದಾಯ ಕಟ್ಟಾಕಾಗ್ದೋನು, ನಾನು ಒಪ್ಪಿ ಈ ಜಮೀನ್ ಬಿಡ್ತಾ ಇವ್ನಿ ಅಂತ ಸರ್ಕಾರಕ್ಕೆ ಬರ್ಕೊಡೋನು. ಅದ್ಕೂ ರಾಜೀನಾಮೆ ಅಂತ್ಲೇ ಎಸ್ರು. ಜಮೀನ್ ಬಿಡೋ ಕಾಗ್ದ ಆಮೇಲೆ ಕೆಲ್ಸ ಬಿಡೋ ಕಾಗ್ದ ಆಯ್ತು.'

'ಉತ್ತರದವರಿಗೆ ಯಾಕೆ ಹಾಗಾಗಲಿಲ್ಲ?'

'ಅದ್ ನಂಗೇನ್ ಗೊತ್ತು. ಅವ್ರು ಒಪ್ಪಿ ಅಲ್ಲೇ ಉಳ್ಕಂಡ್ರೇನೋ. ನಮ್ಮೋರು ಒಪ್ಪಿ ಬಿಟ್ ಬಂದ್ರು.' ಇಷ್ಟು ಹೇಳಿ ಅವರು ಕಾದು ನಿಂತಿದ್ದ ಇನ್ನೊಬ್ಬರ ಅರ್ಜಿ ಕೈಗೆ ತೆಗೆದುಕೊಂಡರು.

ಅಪ್ಪನಿಗೆ ಹೇಳಬೇಕು ಎಂದು ಪ್ರತಿ ಶನಿವಾರ ಬಸ್ಸಿನಲ್ಲಿ ನಿರ್ಧಾರ ಮಾಡುತ್ತಿದ್ದೆ. ಮನೆಗೆ ಹೋದರೆ ಅಪ್ಪ ಕೆಮ್ಮುತ್ತಾ ಜಗಲಿಯ ಮೇಲೆ ಕೂತಿರುತ್ತಿದ್ದರು, 'ಬಂದ್ಯವ್ವ' ಎನ್ನುತ್ತಿದ್ದರು. ನಿನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ ಅಪ್ಪ ಎಂದು ಹೇಗೆ ಹೇಳುವುದು. ತಪ್ಪು ನಂದು, ನ್ಯಾಯ ಅವರದು ಎಂದು ಕಷ್ಟಪಟ್ಟು ಒಂದು ನೆಲೆಗೆ ಬಂದವರನ್ನು ಮತ್ತೆ ಎಬ್ಬಿಸುವುದು ಹೇಗೆ. ಇದೆಲ್ಲ ಅಪ್ಪನಿಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಅಪ್ಪ ಜೀವನದಲ್ಲಿ ಹೆಮ್ಮೆಪಟ್ಟುಕೊಂಡು ಹೇಳುತ್ತಿದ್ದ ಒಂದೇ ಕತೆ ನನ್ನ ಆ ಪತ್ರದ್ದು. ಅದನ್ನು ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ. ಅವ್ವನಿಗೆ ಮಾತ್ರ ಒಂದು ದಿನ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. 'ಅವ್ರ್ ಮುಂದೆ ಯೋಳ್ಬೇಡ' ಎಂದಳು. ಆಮೇಲೆ ನಾನು ವಾಪಸು ಬಸ್ಸು ಹತ್ತುವ ತನಕ ನನ್ನ ಹತ್ತಿರ ಮಾತಾಡಲಿಲ್ಲ.

ಹೀಗೆ ಒಂದೆರಡು ವರ್ಷ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಜೊತೆ ಹಿಂದೆ ಮಗ್ಗ ನೋಡುತ್ತಿದ್ದವರೊಬ್ಬರು ಮನೆಗೆ ಬಂದರು. ಆ ಸೂಪರ್‌ವೈಜರನ ಹೆಸರು ಬರೆದ ಚೀಟಿಯೊಂದು ಯಾವುದೋ ಲಾರಿಯವನ ಮೂಲಕ ಅವರಿಗೆ ಸಿಕ್ಕಿತ್ತು, ಅದರ ಮೇಲೆ ಗುಜರಾತಿನ ವಿಳಾಸ ಇತ್ತು. ಅವರು ಕಾಫಿ ಕುಡಿದು ಹೋದ ಮೇಲೆ ಅಪ್ಪ ಆ ಚೀಟಿಯನ್ನು ನನ್ನ ಮುಂದಿಟ್ಟರು. ಜೊತೆಗೆ ಗೆರೆ ಎಳೆದ ಒಂದು ಹಾಳೆ, ಪೆನ್ನು. ಮೊದಲೇ ತೆಗೆದಿಟ್ಟುಕೊಂಡಿದ್ದರು.

'ಅವ್ನಿಗೊಂದು ಕಾಗ್ದ ಬರ್ಯವ್ವ. ಇಂದೀಲೇ ಬರಿ. ತಪ್ಪಾಯ್ತು, ಗೊತ್ತಾಗ್ದೆ ಕೈ ಮಾಡ್ದೆ, ಮನ್ಸಲ್ ಇಟ್ಕಬೇಡ, ಇಬ್ರೂ ಒಂದಾಗೋಣ ಅಂತ.'

'ಆಯ್ತು ಅಪ್ಪ.'

'ಮೇಲ್ಗಡೆ ಎಸ್ರು ಆಕ್ತಾರಲ್ಲ, ದಪ್ಪುಕ್ಕೆ. ಆವತ್ತು ಆಕಿದ್ಯಲ್ಲ ಅಂಗೆ. ಜಗ್ಳ ಆದೋರು ಒಂದಾಗೋಕೆ ಬರ್ಯೋ ಕಾಗ್ದುಕ್ಕೆ ಇಂದೀಲಿ ಏನಂತಾರೆ?'

ಅಡಿಗೆಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತದ್ದು ಗೊತ್ತಾಯಿತು. ನಾನು ಹಾಳೆಯನ್ನು ನೇರ ಮಾಡಿದೆ, ಮತ್ತೆ ನೇರ ಮಾಡಿದೆ.

'ಗೊತ್ತಿಲ್ಲ ಅಪ್ಪ' ಎಂದೆ.

'ಇಷ್ಟ್ ವರ್ಷ ಪಾಠ ಮಾಡಿ ಇದ್ ಗೊತ್ತಿಲ್ವಾ?' ಎಂದು ಅಪ್ಪ ನಕ್ಕರು. ನಕ್ಕು ಕೆಮ್ಮಿದರು, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು.

'ಓಗ್ಲಿ ಬಿಡು, ಎಸ್ರಿಲ್ದೆ ಬರಿ. ಆವತ್ತು ರಾಜೀನಾಮೆ ಎಷ್ಟ್ ಚೆಂದಾಗ್ ಬರ್ಕೊಟ್ಟಿದ್ದೆ. ಅಂಗೇ ಬರ್ಯವ್ವ.'